ಚಪ್ಪಲಿ ಬಿಡುವ ಜಾಗಕ್ಕೆ ಇಳಿದ ಸುಂದೊಕ್ ಅಕ್ಕ

ಸುಂದೊಕ್ ಅಕ್ಕನ ಬಾಯಿಗೆ ನಮ್ಮ ಜಾಂಗ್‌ಹುಂಗ್ ಪೇಟೆಯಲ್ಲಿ ಹೆದರದವರಿಲ್ಲ. ಪೇಟೆಯ ಮುದುಕಿಯರ ಕೂದಲು ಗುಂಗುರು ಮಾಡಿಕೊಡುವ ಅಂಗಡಿ ಅವಳದು, ಪಕ್ಕದ ಅಕ್ಕಿ ಕಡುಬಿನ ಅಂಗಡಿ ನನ್ನದು. ಅವಳನ್ನು ಎದುರು ಹಾಕಿಕೊಂಡು ಗೆದ್ದವರನ್ನು ನಾನಂತೂ ಕಂಡಿಲ್ಲ. ಅಂಥವಳನ್ನು ಒಂದು ಹೆಣ್ಣುನಾಯಿ ಆಟ ಆಡಿಸಿತು.

ಯಾರದೋ ತೋಟದ ಮೂಲೆಯಲ್ಲಿ, ಮರಿಯಾಗಿದ್ದಾಗಿನಿಂದ ಗಿಡ್ಡ ಸರಪಳಿಗೆ ಬಿಗಿದಿದ್ದ ನಾಯಿ. ಬಿಡಿಸಿ ತಂದವಳು ನಾಯಿಗಳನ್ನು ಕಾಪಾಡುವ ಸಂಘದ ಹುಡುಗಿ ಹ್ಯೆವೊನ್. "ಒಳ್ಳೆ ಮನೆ ಸಿಗೋವರೆಗೆ ಇಟ್ಕೊಂಡಿರಿ ಚಿಕ್ಕಮ್ಮಾ" ಎಂದು ಅಕ್ಕನ ಹತ್ತಿರ ಬಿಟ್ಟು ಹೋದಳು. ಕಂದು ಬಣ್ಣ, ಗೀರು ಬಿದ್ದ ಮುಖ. ಸೂರಿಗೆ ನೇತು ಹಾಕಿ ಒಣಗಿಸುತ್ತೇವಲ್ಲ, ಸೋಯಾ ಕಾಳಿನ ಮೆಜು ಮುದ್ದೆ, ಹಾಗೆ. "ಮೂತಿ ನೋಡು, ಥೇಟ್ ಮೆಜು!" ಎಂದಳು ಅಕ್ಕ. ಅದೇ ಹೆಸರಾಯಿತು.

ಮೆಜು ಓಣಿಯ ಬಾಗಿಲು ದಾಟಿ, ಚಪ್ಪಲಿ ಬಿಡುವ ಸಿಮೆಂಟಿನ ಜಾಗದವರೆಗೆ ಬಂತು. ಅಲ್ಲಿಂದ ಒಂದೇ ಮೆಟ್ಟಿಲು, ಮೇಲೆ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಕೋಣೆ. ಅಕ್ಕನಿಗೆ ಅಂಗಡಿಯೂ ಅದೇ, ಮನೆಯೂ ಅದೇ. ತಲೆಗೆ ಸುರುಳಿ ಸುತ್ತಿಸಿಕೊಂಡ ಮುದುಕಿಯರು ಅಲ್ಲಿ ಕಾಲು ಚಾಚಿ, ಗೆಣಸು ತಿನ್ನುತ್ತ ಕಾಯುತ್ತಾರೆ. ಆ ಮೆಟ್ಟಿಲನ್ನು ಮೆಜು ಹತ್ತಲಿಲ್ಲ. ಮಾಂಸ ತೋರಿಸಿದರೂ ಇಲ್ಲ. ಅಂಗಳದ ನಾಯಿ ಒಳಗೆ ಕಾಲಿಟ್ಟರೆ ಎಂಥ ಏಟು ಬೀಳುತ್ತದೆಂದು ಅದಕ್ಕೆ ಗೊತ್ತಿತ್ತು. ಚಪ್ಪಲಿಗಳ ನಡುವೆ ಮುದುಡಿ ಮಲಗುತ್ತಿತ್ತು. ಏನಾದರೂ ಸದ್ದಾದರೆ ಸಾಕು, ಓಣಿಯ ಬಾಗಿಲಿಗೆ ಹಾರಿ, ಹೊರಗೆ ಓಡಲು ಉಗುರು ಕಿತ್ತುಹೋಗುವಂತೆ ಕೆರೆಯುತ್ತಿತ್ತು.

ಪೇಟೆಯ ಹಿರಿಯರು, ಗೋ ಮನೆತನದ ಯಜಮಾನರು ಬುದ್ಧಿ ಹೇಳಲು ಬಂದರು. "ಇಷ್ಟು ದೊಡ್ಡ ನಾಯೀನ ಯಾರಮ್ಮಾ ಮನೇಲಿ ಇಟ್ಕೋತಾರೆ? ಹೊರಗೆ ಕಟ್ಟಿ ಹಾಕು."

"ನಿಮ್ಮನ್ನೇ ಕಟ್ಟಿ ಹಾಕ್ತೀನಿ, ಬರ್ತೀರಾ ಯಜಮಾನ್ರೇ? ಸರಪಳಿ ಇದೆ, ಖಾಲಿ ಬಿದ್ದಿದೆ."

ಮುದುಕಿಯರು ಗೆಣಸು ನೆತ್ತಿಗೇರುವಂತೆ ನಕ್ಕರು. ಯಜಮಾನರು ಆಮೇಲೆ ಆ ಓಣಿಗೇ ಬರಲಿಲ್ಲ.

ಚಳಿಗಾಲದಲ್ಲಿ ಹ್ಯೆವೊನ್ ಬಂದು, "ಕೆನಡಾದಲ್ಲಿ ಒಂದು ಮನೆಯವರು ಒಪ್ಪಿದಾರೆ ಚಿಕ್ಕಮ್ಮಾ. ಇಲ್ಲಿ ಇಂಥ ನಾಯೀನ ಯಾರೂ ಕೇಳಲ್ಲ" ಎಂದಳು.

"ನಾನು ಕೇಳ್ತಿದೀನಲ್ಲ! ನಾನೇನು ಮನುಷ್ಯಳಲ್ವಾ?"

ಹುಡುಗಿ ತಲೆ ತಗ್ಗಿಸಿದಳು. "ನಾಯಿ ಮನೆಯವರ ಜೊತೆ ಒಳಗೇ ಇರ್ಬೇಕು, ಅದು ಸಂಘದ ನಿಯಮ. ಇದು ಚಪ್ಪಲಿ ಜೊತೆ ಇರುತ್ತೆ. ಸಂಘದವರಿಗೆ ಅದು ಹೊರಗೇ. ಹೊಸ ವರ್ಷದ ಹಬ್ಬ ಮುಗೀಲಿ, ಕರ್ಕೊಂಡು ಹೋಗ್ತೀನಿ."

ಅವಳು ಹೋದ ಮೇಲೆ ನಾನು ಸುಮ್ಮನಿರಲಾರದೆ, "ಕೊರಳಿಗೆ ಹಗ್ಗ ಹಾಕಿ ಒಂದ್ಸಲ ಮೇಲೆ ಎಳ್ಕೊಂಬಿಡು ಅಕ್ಕಾ, ಆಮೇಲೆ ರೂಢಿ ಆಗುತ್ತೆ" ಎಂದೆ.

ಅಕ್ಕ ಬಾಚಣಿಗೆ ಎತ್ತಿದಳು. "ಹಗ್ಗ ಅಂತ ಇನ್ನೊಂದ್ಸಲ ಅಂದ್ರೆ ನಾಲಿಗೆ ಕಿತ್ತಾಕ್ತೀನಿ! ಇಷ್ಟು ವರ್ಷ ಅದನ್ನ ಎಳೆದಿದ್ದು ಸಾಲದಾ?"

ಮರುದಿನ ಹೋಗಿ ನೋಡಿದರೆ ಚಪ್ಪಲಿಗಳೆಲ್ಲ ಓಣಿಯಲ್ಲಿ, ಹಿಮದ ಮೇಲೆ ಸಾಲಾಗಿ ಬಿದ್ದಿವೆ. ಅಕ್ಕ ಹಾಸಿಗೆ, ಊಟದ ಗಿಡ್ಡ ಮೇಜು, ಟಿವಿ ಎಲ್ಲವನ್ನೂ ಮೆಟ್ಟಿಲಿಳಿಸಿ ಆ ಸಿಮೆಂಟಿನ ಮೇಲೆ ಸಂಸಾರ ಹೂಡಿದ್ದಾಳೆ.

"ಅದು ಮೇಲೆ ಬರಲ್ಲ ಅಂದ್ರೆ ನಾನೇ ಕೆಳಗೆ ಇಳೀತೀನಿ. ನಾನು ಉಂಡು ಮಲಗೋ ಜಾಗ ನನ್ನ ಮನೆ. ಯಾವನು ಬಂದು ಇದನ್ನ ಹೊರಗೆ ಅಂತಾನೋ ನೋಡೇಬಿಡ್ತೀನಿ."

"ಚಳೀಲಿ ಸತ್ತೋಗ್ತೀಯ, ಹುಚ್ಚಿ!"

"ಸತ್ರೆ ಎಡೆಗೆ ನಿನ್ನ ಕಡುಬು ತಂದಿಡು. ಗಟ್ಟಿ ಆಗಿರೋದು ಬೇಡ."

ಗಿರಾಕಿಗಳು ಅವಳ ಹಾಸಿಗೆ ದಾಟಿಕೊಂಡೇ ಕೋಣೆಗೆ ಹತ್ತಬೇಕಾಯಿತು. ಒದ್ದೆ ಚಪ್ಪಲಿ ಮೆಟ್ಟಿಕೊಂಡು ಬೈದರು, ಮತ್ತೆ ಬಂದರು. ಹಬ್ಬದ ಬೆಳಿಗ್ಗೆ ನಾನು ಕಡುಬಿನ ಸಾರು ಒಯ್ದಾಗ ಅಕ್ಕ ಕೆಮ್ಮುತ್ತಿದ್ದಳು, ತುಟಿ ನೀಲಿಗಟ್ಟಿತ್ತು. ಮೆಜು ಅವಳ ರಜಾಯಿಯ ಅಂಚಿನ ಮೇಲೆ ಗಲ್ಲ ಊರಿತ್ತು. ಅಷ್ಟೇ ಅದು ಕೊಟ್ಟಿದ್ದು. ಅಷ್ಟಕ್ಕೇ ಅಕ್ಕ ಊರು ಗೆದ್ದವಳಂತೆ ನನ್ನನ್ನು ನೋಡಿದಳು.

ಹಬ್ಬ ಕಳೆದ ಮೇಲೆ ಹ್ಯೆವೊನ್ ಪಂಜರ ಹಿಡಿದು ಬಂದಳು. ಚಪ್ಪಲಿಯನ್ನು ಹಿಮದಲ್ಲಿ ಬಿಟ್ಟು ಓಣಿಯ ಬಾಗಿಲಲ್ಲೇ ಬಾಯಿ ತೆರೆದು ನಿಂತಳು.

"ಚಿಕ್ಕಮ್ಮಾ, ಇದೇನಿದು?"

"ನಮ್ಮನೆ. ಬಾ, ಒಳಗೆ ಬಾ. ಮೆಜು ಮನೆಯವರ ಜೊತೇನೇ ಇದೆ. ಹೋಗಿ ಹೇಳು ನಿಮ್ಮ ಸಂಘಕ್ಕೆ!"

ಅಷ್ಟರಲ್ಲಿ ಪಂಜರದ ಕಬ್ಬಿಣದ ಬಾಗಿಲು ಢಣ್ಣೆಂದು ಬಡಿಯಿತು. ಮೆಜು ಚಂಗನೆ ಎದ್ದಿತು. ಹುಡುಗಿಯ ಹಿಂದೆ ಓಣಿಯ ಬಾಗಿಲು ಹಾರು ಹೊಡೆದಿತ್ತು. ಮುಗಿಯಿತು ಕಥೆ, ಓಡಿಹೋಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕೋಣೆಯೊಳಗಿಂದ ಮುದುಕಿಯರ ಕಿರುಚಾಟ ಕೇಳಿ ಕಣ್ಣು ಬಿಟ್ಟೆ. ಮೆಜು ಓಣಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಅಕ್ಕನ ಹೆಗಲ ಮೇಲಿಂದ ನೆಗೆದು, ಮೆಟ್ಟಿಲು ಹಾರಿ, ಗೆಣಸಿನ ತಟ್ಟೆ ಮಗುಚಿ, ಬೆಚ್ಚಗಿನ ನೆಲದ ತೀರಾ ಒಳಮೂಲೆಯ ಕಂಬಳಿ ರಾಶಿಗೆ ತೂರಿಕೊಂಡಿತ್ತು. ಬಾಲವೊಂದೇ ಹೊರಗೆ.

ಹ್ಯೆವೊನ್ ಆ ಬಾಲವನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು. ಪಂಜರವನ್ನು ಓಣಿಯಲ್ಲಿಟ್ಟು ಬಂದು ಬಾಗಿಲು ಹಾಕಿದಳು. "ಕೆನಡಾದವರಿಗೆ ನಾನೇ ಹೇಳ್ಕೋತೀನಿ ಚಿಕ್ಕಮ್ಮಾ. ಹೆದರಿಕೆ ಆದಾಗ ಒಳಗೇ ಓಡೋ ನಾಯೀನ ಯಾವ ಮನೆಯಿಂದ ಕರ್ಕೊಂಡು ಹೋಗ್ಲಿ?"

ಅಕ್ಕನ ಕಣ್ಣಲ್ಲಿ ನೀರು ಧಾರಾಕಾರ, ಬಾಯಲ್ಲಿ ಮಾತ್ರ ಬೈಗುಳ. "ಏಯ್ ಮೆಜು! ನಿನಗೋಸ್ಕರ ನಾನಿಲ್ಲಿ ಸೆಟೆದು ಹೋಗ್ತಿದ್ರೆ, ನನ್ನ ಬಿಟ್ಟು ನೀನೊಬ್ಳೇ ಬೆಚ್ಚಗೆ ಮಲಗ್ತೀಯೇನೇ, ಕಳ್ಳಿ!"

ಬೈಯುತ್ತಲೇ ಏಳಲು ಹೋದಳು, ಆಗಲಿಲ್ಲ. ಚಳಿಗೆ ಮಂಡಿ ಹಿಡಿದುಕೊಂಡಿದ್ದವು. ನಾನು, ಹ್ಯೆವೊನ್ ಇಬ್ಬರೂ ಎರಡು ಕಡೆಯಿಂದ ಕಂಕುಳಿಗೆ ಕೈ ಕೊಟ್ಟು ಅವಳನ್ನು ಆ ಮೆಟ್ಟಿಲು ಹತ್ತಿಸಿದೆವು.