ಅತ್ತೆಯ ಹಲ್ಲು, ಸೊಸೆಯ ಸರ್ವರ್

ಕೋಟೆ ಕಟ್ಟಿದವರ ಕಥೆ ಕೇಳಿದ್ದೀರಿ, ಒಡೆದವರ ಕಥೆಯನ್ನೂ ಕೇಳಿದ್ದೀರಿ. ಗೋಡೆಯ ಬಿರುಕಿಗೆ ದಿನಾ ಮಣ್ಣು ಮೆತ್ತುತ್ತಾ ಕೂತವಳ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಂಥವಳೊಬ್ಬಳು ನನಗೆ ಗೊತ್ತು.

ಅವಳಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಹಲ್ಲು ಕೀಳುವ ಕೆಲಸವಲ್ಲ. ಕೀಳಿಸಿಕೊಂಡವರ ವಿವರವೆಲ್ಲ ತುಂಬಿರುವ ಡೇಟಾಬೇಸ್ ಸರ್ವರನ್ನು ಕಾಯುವ ಕೆಲಸ. ಸರ್ವರ್ ಅಂದರೆ ಮತ್ತೇನಲ್ಲ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪೊರಕೆ ಬಕೆಟ್ಟುಗಳ ಪಕ್ಕ ಗೊರಕೆ ಹೊಡೆಯುತ್ತಾ ಬಿದ್ದಿದ್ದ ಒಂದು ಕಪ್ಪು ಪೆಟ್ಟಿಗೆ. ಅದರೊಳಗಿನ ಸಾಫ್ಟ್‌ವೇರಿನಲ್ಲಿ ತೂತು ಸಿಕ್ಕಿದೆ ಎಂದು ಸುದ್ದಿ ಬಂದಾಗಲೆಲ್ಲ, ತಯಾರಿಸಿದವರೇ ಕಳಿಸಿದ ಪ್ಯಾಚ್ ತಂದು ಹಾಕುತ್ತಿದ್ದಳು. ಆಸ್ಪತ್ರೆಯವರ ಬಾಯಲ್ಲಿ ಅವಳು ತೇಪೆಯಕ್ಕ. "ಹರಿದೋರು ಯಾರೋ, ಹೊಲಿಯೋಳು ನಾನು" ಎಂದು ಅವಳೂ ನಗುತ್ತಿದ್ದಳು.

ಆ ಪೆಟ್ಟಿಗೆಯಲ್ಲಿ ಅವಳ ಅತ್ತೆಯ ಗುಟ್ಟೂ ಇತ್ತು. ಅತ್ತೆಗೆ ಇದ್ದದ್ದು ಬಾಯಿತುಂಬ ಕಟ್ಟಿಸಿದ ಹಲ್ಲು. ಆದರೆ ಮೇಲಿನ ಮಹಡಿಯ ಹೆಂಗಸಿನ ಮುಂದೆ, "ಇವು ನನ್ನ ಸ್ವಂತ ಹಲ್ಲು ಕಣ್ರೀ, ಒಂದೂ ಅಲ್ಲಾಡಿಲ್ಲ" ಎಂದು ಕೊಚ್ಚಿಕೊಂಡು ಕೊಚ್ಚಿಕೊಂಡು, ಈಗ ಆ ಸುಳ್ಳೇ ಮನೆಯ ಮಾನವಾಗಿ ಕೂತಿತ್ತು. ಹಲ್ಲು ಸಡಿಲವಾದಾಗಲೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಬ್ಯಾಂಕು ದೋಚಲು ಹೊರಟವರ ಹಾಗೆ ಆಸ್ಪತ್ರೆಗೆ ಬರುತ್ತಿದ್ದರು.

"ನಿನ್ನ ಡಬ್ಬೀಲಿ ನನ್ನ ಹಲ್ಲು ಭದ್ರವಾಗಿದೆಯೇನೇ?"

"ನಿಮ್ಮ ಬಾಯಲ್ಲಿರೋದಕ್ಕಿಂತ ಭದ್ರವಾಗಿದೆ ಅತ್ತೆ."

ಇನ್ನು ಆಸ್ಪತ್ರೆಯ ಮ್ಯಾನೇಜರು. ನಮ್ಮ ಸರ್ವರ್ ಮೂರು ವರ್ಷದಿಂದ ಒಂದು ಗಳಿಗೆಯೂ ನಿಂತಿಲ್ಲ ಎಂಬುದೇ ಆ ಮನುಷ್ಯನ ಜನ್ಮದ ಹೆಮ್ಮೆ. ಹಾಗಂತ ಬರೆಸಿ ಬಾಗಿಲಿಗೆ ಬೋರ್ಡೂ ತೂಗುಹಾಕಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು ನಿಲ್ಲದಪ್ಪ ಎನ್ನುತ್ತಿದ್ದರು. ಪ್ಯಾಚ್ ಹಾಕಿ ಮುಗಿದಾಗಲೆಲ್ಲ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಈಗಲೋ, ಆಮೇಲೋ? ನಿಲ್ಲದಪ್ಪನ ಬೋರ್ಡನ್ನು ನೆನೆದು ತೇಪೆಯಕ್ಕ 'ಆಮೇಲೆ' ಒತ್ತುತ್ತಿದ್ದಳು. ನಾಳೆ ಎಂದವನ ಮನೆ ಹಾಳು ಅಂತಾರೆ. ಆಮೇಲೆ ಎಂದವಳದ್ದು ಏನಾಗುತ್ತದೋ, ಅದನ್ನು ಯಾವ ಗಾದೆಯೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡ ತೂತಿನ ಸುದ್ದಿ ಬಂತು. ಹೊರಗಿನಿಂದ ಪಾಸ್‌ವರ್ಡೇ ಇಲ್ಲದೆ ಡೇಟಾಬೇಸಿನೊಳಗೆ ನುಗ್ಗಬಹುದಂತೆ. "ಇದರ ಪ್ಯಾಚ್ ಹೋದ ತಿಂಗಳೇ ಬಂತು, ಆಗ್ಲೇ ಹಾಕಿದ್ದೀವಿ" ಎಂದು ತೇಪೆಯಕ್ಕ ಕಾಲು ಚಾಚಿದಳು. ಆದರೂ ನೋಡೋಣ ಎಂದು ಆಸ್ಪತ್ರೆಯ ಹೊರಗೆ ಹೋಗಿ, ತನ್ನದೇ ಲ್ಯಾಪ್‌ಟಾಪಿನಿಂದ ಕಳ್ಳಿಯ ಹಾಗೆ ಸರ್ವರಿನ ಬಾಗಿಲು ತಟ್ಟಿದಳು. ಬಾಗಿಲು ನೆಂಟರನ್ನು ಕಂಡ ಹಾಗೆ ತೆರೆದುಕೊಂಡಿತು.

ಒಳಗೆ ಓಡಿ, ನೀನು ಯಾವ ಆವೃತ್ತಿ ಎಂದು ಸರ್ವರನ್ನೇ ಕೇಳಿದಳು. ಅದು ಮೂರು ವರ್ಷದ ಹಿಂದಿನ ಆವೃತ್ತಿ ಹೇಳಿತು. ತೇಪೆಗಳೆಲ್ಲ ಡಿಸ್ಕಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು, ಒಮ್ಮೆಯೂ ನಿಲ್ಲಿಸಿ ಶುರು ಮಾಡದ್ದರಿಂದ ಓಡುತ್ತಿದ್ದದ್ದು ಮಾತ್ರ ಹಳೆಯದೇ. ಹೊಲಿದ ಅಂಗಿಯನ್ನೆಲ್ಲ ಬೀರುವಿನಲ್ಲಿಟ್ಟು, ಮೂರು ವರ್ಷದಿಂದ ಹರಕು ಚಡ್ಡಿಯಲ್ಲೇ ತಿರುಗುತ್ತಿತ್ತು ಆ ಪುಣ್ಯಾತ್ಮ ಪೆಟ್ಟಿಗೆ.

ನೇರ ಮ್ಯಾನೇಜರ ಕೋಣೆಗೆ ನುಗ್ಗಿದಳು. "ಸಾರ್, ತಪ್ಪು ನಂದೇ. ಈಗ್ಲೇ ನಿಲ್ಲಿಸಿ ಶುರು ಮಾಡ್ಬೇಕು. ಇಲ್ದಿದ್ರೆ ಊರಿನವರ ಬಾಯೆಲ್ಲ ಬೀದಿಗೆ ಬೀಳುತ್ತೆ."

"ಹಾಡಹಗಲಲ್ಲೇ? ಹೊರಗಡೆ ಜನ ಕೂತಿದಾರಮ್ಮ! ಮೂರು ವರ್ಷ ಬರದ ಕಳ್ಳ ಇವತ್ತೇ ಬರ್ತಾನಾ?"

"ಮೂರು ವರ್ಷ ಬಾಗಿಲು ತೆಗೆದಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಲೋಕಕ್ಕೆಲ್ಲ ಸಾರಿದಾರೆ."

"ಬರಲಿ ಬಿಡು. ಯಾರ ಹಲ್ಲು ಯಾವುದು ಅಂತ ಕದ್ದು ಅವನೇನು ಉಪ್ಪಿನಕಾಯಿ ಹಾಕ್ತಾನಾ?"

ಕೋಣೆಯ ಬಾಗಿಲು ಓರೆಯಾಗಿತ್ತು, ಮಾತೆಲ್ಲ ಹೊರಗೆ ಕೇಳುತ್ತಿತ್ತು. ಹೊರಗಿನ ಬೆಂಚಿನಲ್ಲಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಅತ್ತೆ ಕೂತಿದ್ದರು. ಅವರ ಗ್ರಹಚಾರಕ್ಕೆ, ಎದುರಿನ ಬೆಂಚಿನಲ್ಲಿ ಹಲ್ಲುನೋವೆಂದು ಬಂದ ಮೇಲಿನ ಮಹಡಿಯ ಹೆಂಗಸು. ಅತ್ತೆ ಎದ್ದರು. ಒಂದು ಕ್ಷಣ ಆ ಹೆಂಗಸನ್ನು ನೋಡಿದರು. ಆಮೇಲೆ ಮುಖದ ಬಟ್ಟೆಯನ್ನು ಬಿಚ್ಚಿ, ಒಳಗೆ ಬಂದು, ಎರಡೂ ಸಾಲು ಹಲ್ಲನ್ನು ಕಿತ್ತು ಮ್ಯಾನೇಜರ ಟೇಬಲ್ಲಿನ ಮೇಲೆ ಟಕ್ಕೆಂದು ಇಟ್ಟರು.

"ನೋಡಪ್ಪಾ," ಎಂದರು, ಮಾತು ಅರ್ಧ ಗಾಳಿಯಾಗಿ. "ಇದನ್ನ ಮುಚ್ಚಿಡೋಕೆ ನಾನು ಆರು ವರ್ಷ ಬಾಯಿಬಿಟ್ಟು ನಕ್ಕಿಲ್ಲ. ಯಾರಿಗೆ ಬೇಕು ಅಂತೀಯಲ್ಲ? ಹೊರಗೆ ಕೂತಿರೋ ಎಲ್ಲಾರಿಗೂ ಒಂದೊಂದು ಇಂಥದ್ದಿದೆ. ನಂದು ನಾನೇ ತೋರಿಸಿದೆ, ಆಯ್ತು. ಅವರದ್ದನ್ನ ತೋರಿಸೋಕೆ ನೀನ್ಯಾರು?"

ಮ್ಯಾನೇಜರು ಹಲ್ಲನ್ನು ನೋಡಿದ, ಹಲ್ಲು ಮ್ಯಾನೇಜರನ್ನು ನೋಡಿತು. ಮೊದಲು ಕಣ್ಣು ತಗ್ಗಿಸಿದವನು ಮ್ಯಾನೇಜರೇ.

"ನಿಲ್ಸಮ್ಮ" ಎಂದ.

ತೇಪೆಯಕ್ಕ ಮೆಟ್ಟಿಲ ಕೆಳಗಿನ ಕೋಣೆಗೆ ಓಡಿ, ಮೊದಲು ಹೊರಗಿನಿಂದ ಸರ್ವರಿಗೆ ಬರುವ ದಾರಿ ಮುಚ್ಚಿದಳು, ಆಮೇಲೆ ಸರ್ವರ್ ನಿಲ್ಲಿಸಿದಳು. ಗೊರಕೆ ನಿಂತಿತು. ಮೂರು ವರ್ಷ ಮಲಗದ ಮುದುಕ ಈಗ ಮಲಗಿದರೆ ಏಳುತ್ತಾನೋ ಇಲ್ಲವೋ! ಪರದೆ ಕಪ್ಪಾಗಿಯೇ ಇತ್ತು. ಹಿಂದೆಯೇ ಬಂದಿದ್ದ ಅತ್ತೆ ಬೊಚ್ಚುಬಾಯಲ್ಲೇ, "ಏಳೋ ಮಾರಾಯ" ಎಂದು ಪೆಟ್ಟಿಗೆಯ ಬೆನ್ನಿಗೆ ಒಂದು ತಟ್ಟಿದರು. ತಟ್ಟಿದ್ದಕ್ಕೋ ಏನೋ, ಕೆಮ್ಮಿದಂತೆ ಸದ್ದುಮಾಡಿ ಅದು ಎದ್ದಿತು. ಆವೃತ್ತಿ ಕೇಳಿದಳು: ಹೊಸದು. ಮುಚ್ಚಿದ್ದ ದಾರಿಯನ್ನು ತೆರೆದು, ಹೊರಗೆ ಹೋಗಿ ಮತ್ತೆ ಕಳ್ಳಿಯಾದಳು. ಬಾಗಿಲು ಅಲ್ಲಾಡಲಿಲ್ಲ. ಬೆಳಗಿನಿಂದ ಯಾರಾದರೂ ನುಗ್ಗಿದ್ದರೇ ಎಂದು ಸಂಜೆಯವರೆಗೆ ಕೂತು ಹುಡುಕಿದಳು. ಅವಳ ಹೆಜ್ಜೆಯೊಂದನ್ನು ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ನಿಲ್ಲದಪ್ಪ ತಾನೇ ಕುರ್ಚಿ ಹತ್ತಿ ಬೋರ್ಡು ಇಳಿಸಿದ.

ಸಂಜೆ ಅತ್ತೆ ಸೊಸೆ ಇಬ್ಬರೂ ಜೊತೆಯಾಗಿ ಮನೆಗೆ ಹೊರಟರು. ಮೇಲಿನ ಮಹಡಿಯ ಹೆಂಗಸು ಏನೆಂದುಕೊಂಡಳೋ ಎಂದು ತೇಪೆಯಕ್ಕನಿಗೆ ಒಳಗೊಳಗೇ ಹಿಂಸೆ.

"ಏನೂ ಅನ್ಲಿಲ್ಲ ಕಣೇ. ಈ ಡಾಕ್ಟರು ಹೇಗೆ ಕಟ್ತಾರೆ, ನೋವಾಗುತ್ತಾ ಅಂತ ಕಿವೀಲಿ ಕೇಳಿದಳು" ಎಂದು ಅತ್ತೆ ಬಾಯಿಬಿಟ್ಟು ನಕ್ಕರು. ತಕ್ಷಣ ಗಂಭೀರವಾಗಿ, "ಇನ್ನೊಂದು ಸಲ ಆ 'ಆಮೇಲೆ' ಒತ್ತಿದ್ಯೋ, ನಿನ್ನ ಬೆರಳು ಕಚ್ಚಿಬಿಡ್ತೀನಿ!"

"ಯಾವ ಹಲ್ಲಲ್ಲಿ ಅತ್ತೆ?"

ಅತ್ತೆಯ ಕೈ ಬಾಯಿಗೆ ಹೋಯಿತು. ಹಲ್ಲು ಇನ್ನೂ ಮ್ಯಾನೇಜರ ಟೇಬಲ್ಲಿನ ಮೇಲೇ ಇತ್ತು.

"ಬೆಳಿಗ್ಗೆ ತಂದ್ಕೊಡ್ತೀನಿ ಬಿಡಿ..." ಎಂದು ಶುರುಮಾಡಿದ ತೇಪೆಯಕ್ಕ, ಅತ್ತೆಯ ಮುಖ ನೋಡಿ ಮಾತು ನುಂಗಿ, ಬಂದ ದಾರಿಗೇ ತಿರುಗಿದಳು.