ರೇಷ್ಮೆ ಎಳೆ ಸುಟ್ಟ ವಾಸನೆ

ಕೂದಲು ಸುಟ್ಟ ವಾಸನೆ ಬಂದರೆ ನನಗೆ ಆ ಭಾನುವಾರ ನೆನಪಾಗುತ್ತದೆ. ಆರ್.ಟಿ. ನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಯಜಮಾನರು ರಿಪೇರಿಗೆ ಬಂದಿದ್ದ ಹಳೆಯ ಸ್ಟುಡಿಯೋ ಮೈಕೊಂದನ್ನು ಬಿಚ್ಚಿಕೊಂಡು ಕೂತಿದ್ದರು. ನಾನು ಒಲೆಯ ಮುಂದಿದ್ದೆ.

“ಏ, ಒಂದ್ನಿಮಿಷ ಬಾರೇ. ನಿನ್ ಮೂಗು ಬೇಕು.”

“ಇಲ್ಲಿ ಸಾಸಿವೆ ಸಿಡೀತಿದೆ ಕಣ್ರೀ.”

“ಸಿಡೀಲಿ ಬಿಡೆ. ಅದೇನು ಓಡೋಗತ್ತಾ?”

ನಸ್ಯ ಏರಿಸಿ ಏರಿಸಿ ಅವರ ಮೂಗು ಯಾವತ್ತೋ ಕೆಲಸ ಬಿಟ್ಟಿತ್ತು. ಮೈಕಿನ ಜಾಲರಿಯ ಹಿಂದಿದ್ದ ಬಟ್ಟೆಯಿಂದ ಒಂದು ಎಳೆ ತೆಗೆದು, ಸುಟ್ಟು, ನನ್ನ ಮುಖದ ಮುಂದೆ ಹಿಡಿದರು. ನೀವೂ ಬೇಕಾದರೆ ಸುಟ್ಟು ನೋಡಿ. ಆರ್ಟ್ ಸಿಲ್ಕ್ ಆದರೆ ಕಾಗದದ ವಾಸನೆ, ನಿಜವಾದ ರೇಷ್ಮೆಯಾದರೆ ಕೂದಲಿನದು.

“ಕೂದಲು,” ಅಂದೆ.

“ಹಂಗಾದ್ರೆ ಒರಿಜಿನಲ್ಲೇ,” ಎಂದು ಬಟ್ಟೆಯನ್ನು ಎಡಗಡೆಯ ಸ್ಟೀಲ್ ತಟ್ಟೆಗೆ ಹಾಕಿದರು. ಮೈಕು ಹುಟ್ಟಿದಾಗಿನಿಂದ ಇದ್ದದ್ದು ಎಡಗಡೆ, ಆಮೇಲೆ ಯಾರೋ ರಿಪೇರಿಯಲ್ಲಿ ಸೇರಿಸಿದ್ದು ಬಲಗಡೆಯ ತಟ್ಟೆಗೆ.

ಮದುವೆಯಾದ ಹೊಸದರಲ್ಲಿ ಇಂಥದ್ದೇ ಮೈಕ್ ನೋಡಿ, “ಇದೇನ್ರೀ, ಬಚ್ಚಲಿನ ಶವರ್ರಾ?” ಅಂತ ಕೇಳಿದ್ದೆ. ಅವರು ನಗಲಿಲ್ಲ. “ಶವರ್ ಕೆಟ್ರೆ ಬೇರೆ ತರಬಹುದು ಕಣೆ. ಇದರೊಳಗೆ ಸಿಕ್ಕಿದ್ದು ಹಾಕಿದ್ರೆ, ಹಾಡೋರು ಒಬ್ರು, ಕೇಳ್ಸೋರು ಇನ್ನೊಬ್ರು ಆಗ್ತಾರೆ.” ಬರಬರುತ್ತಾ ಆ ಚಟ ನನಗೂ ಅಂಟಿತು. ನನ್ನನ್ನು ಕಂಡರೆ ಸೀರೆ ಅಂಗಡಿಯವರು ಬೆಂಕಿಪೊಟ್ಟಣ ಬಚ್ಚಿಡುತ್ತಿದ್ದರು.

ಆ ಭಾನುವಾರದ ಮರುದಿನ ಅವರು ಹೆಬ್ಬಾಳದಲ್ಲಿ ಬಸ್ಸಿಳಿದು ಅಲ್ಲೇ ಕೂತರಂತೆ. ಏಳಲಿಲ್ಲ.

ವೈಕುಂಠ ಸಮಾರಾಧನೆಗೆ ಬಂದವರ ತಿಂಡಿಗೆ ತಟ್ಟೆ ಸಾಲಲಿಲ್ಲ. ನನ್ನ ನಾದಿನಿ ಆ ಕೋಣೆಗೆ ಹೋಗಿ ಎರಡೂ ತಟ್ಟೆ ಖಾಲಿ ಮಾಡಿ, ತೊಳೆದು ತಂದಳು.

“ಅತ್ಗೆ, ಅಣ್ಣನ ಸಾಮಾನು ಒಂದೂ ಬಿಸಾಡಿಲ್ಲ. ಎಲ್ಲ ಒಂದೇ ಡಬ್ಬಿಗೆ ಹಾಕಿಟ್ಟಿದೀನಿ.”

ಅತ್ತು ಅವಳ ಕಣ್ಣು ಊದಿತ್ತು. “ಒಳ್ಳೇದಾಯ್ತು ಬಿಡು,” ಅಂದೆ.

ಮೈಕಿನ ಒಡೆಯರು ಯಶವಂತಪುರದಲ್ಲಿ ಸಣ್ಣ ಸ್ಟುಡಿಯೋ ನಡೆಸುವ ವಯಸ್ಸಾದವರು. “ಹೇಗಿದೆಯೋ ಹಾಗೇ ಕೊಡಿ ತಾಯಿ, ಬೇರೆಯವರ ಹತ್ರ ಮಾಡಿಸ್ಕೋತೀನಿ,” ಎಂದರು. ಆ ಡಬ್ಬಿ ನೋಡಿದವರು ಯಾವುದನ್ನು ಉಳಿಸುತ್ತಾರೆ, ಯಾವುದನ್ನು ಎಸೆಯುತ್ತಾರೆ? ನಮ್ಮವರು ಕೊನೆಯದಾಗಿ ಮಾಡಿದ್ದ ಕೆಲಸವೆಂದರೆ ಆ ಬೇರ್ಪಡಿಸುವಿಕೆ ಒಂದೇ. ಅದು ಹಾಗೇ ಕಲಸಿಹೋಗುವುದು ನನಗೆ ಬೇಡವಾಗಿತ್ತು.

“ಸ್ವಲ್ಪ ದಿನ ಬಿಡಿ ಸಾರ್,” ಅಂದೆ.

ನಮ್ಮವರ ಕುರ್ಚಿಯ ಮೇಲೆ ಕೂರಲು ಮನಸ್ಸಾಗದೆ ಡಬ್ಬಿ ಹಿಡಿದು ನೆಲದ ಮೇಲೆ ಕೂತೆ. ಮೈಕಿನ ಮೂಲ ಸ್ಕ್ರೂಗಳು ಹಿತ್ತಾಳೆಯವು, ಅವಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿದವೆಲ್ಲ ಆಮೇಲೆ ಬಂದವು. ಬಟ್ಟೆ ಚೂರುಗಳಿಂದ ಎಳೆ ತೆಗೆದು ಒಂದೊಂದೇ ಸುಟ್ಟೆ. ಕಾಗದ. ಕಾಗದ. ಕೂದಲು. ಅಷ್ಟು ಹೊತ್ತು ಅವರು ಪಕ್ಕದಲ್ಲೇ ಇದ್ದ ಹಾಗಿತ್ತು.

ಡಬ್ಬಿಯ ತಳದಲ್ಲಿ ಒಂದು ರಬ್ಬರ್ ಉಂಗುರ ಉಳಿಯಿತು. ರಬ್ಬರ್ ಸುಟ್ಟರೆ ಹಳೆಯದೂ ಆಮೇಲಿನದೂ ಒಂದೇ ನಾತ. ಅವರು ಉಗುರಿನಿಂದ ಒತ್ತಿ ನೋಡಿ ಹೇಳುತ್ತಿದ್ದರು. ನಾನೂ ಒತ್ತಿದೆ. ಗಟ್ಟಿಯಾಗಿತ್ತು, ಅಷ್ಟೇ ಗೊತ್ತಾಯಿತು.

ಇವತ್ತು ಸ್ಟುಡಿಯೋದವರು ಬಂದು, ಮೂಲದ್ದು ಒಂದು, ಆಮೇಲಿನದು ಒಂದು ಎಂದು ನಾನು ಕಟ್ಟಿಟ್ಟಿದ್ದ ಎರಡೂ ಪೊಟ್ಟಣ ತೆಗೆದುಕೊಂಡರು. ಉಂಗುರ ಹಿಡಿದು, “ಇದು ಯಾವ ಪೊಟ್ಟಣದ್ದು ತಾಯಿ?” ಎಂದು ಕೇಳಿದರು.

“ಗೊತ್ತಿಲ್ಲ.”

“ಒಂದಂದಾಜು ಹೇಳಿ, ಪರವಾಗಿಲ್ಲ.”

“ಅಂದಾಜು ಬೇಡ ಸಾರ್.”

ಅದನ್ನು ಬೇರೆ ಕಾಗದದಲ್ಲಿ ಸುತ್ತಿ ಕೊಟ್ಟೆ. ಮಿಕ್ಕದ್ದೆಲ್ಲ ಗುರುತಾಗಿದೆ. ಅದೊಂದನ್ನು ಒತ್ತಿ ನೋಡಿ ಹೇಳುವವರು ಇಲ್ಲ.