ಗುರುಪುತ್ರಪ್ಪ ಮಾಸ್ತರರ ಮುಂದಿನ ಬ್ರೇಕು

ಬೆಳಗಾವಿಯ ಅನಗೋಳದ ಮನೆಯಿಂದ ನಂದಗಡದ ಶಾಲೆಗೆ ಮೂವತ್ತಾರು ಕಿಲೋಮೀಟರು. ಹದಿನಾಲ್ಕು ವರ್ಷ ಆ ಹಾದಿಯನ್ನು ನೂರು ಸಿಸಿಯ ಬೈಕಿನ ಮೇಲೆ ದಿನಕ್ಕೆರಡು ಸಲ ಜಯಿಸಿದ್ದ ಗಣಿತದ ಗುರುಪುತ್ರಪ್ಪ ಮಾಸ್ತರರು ಕಳೆದ ಎಂಟು ತಿಂಗಳಿಂದ ಸೆರೆಯಲ್ಲಿದ್ದರು.

ಸೆರೆಮನೆಗೆ ನಾಲ್ಕು ಗಾಲಿಗಳಿದ್ದವು. ಅದು ಅವರ ಶಾಲೆಯ ಹೆಡ್‌ಮಾಸ್ತರ ಭರಮಪ್ಪನವರ ಬಿಳಿ ಕಾರು. ಮುಂದಿನ ಸೀಟು ಡ್ರಿಲ್ ಮಾಸ್ತರ ಶಿವಲಿಂಗನಿಗೆ ಮೀಸಲು, ಏಕೆಂದರೆ ಅವನ ದೇಹ ಬೇರೆಲ್ಲೂ ಹಿಡಿಸುತ್ತಿರಲಿಲ್ಲ. ಹಿಂದೆ ಎಡಗಡೆ ಅದೇ ಶಾಲೆಯ ಶಿಕ್ಷಕಿ ಗಂಗಾದೇವಿ ಬಾಯೋರು. ಅವರ ಕಿವಿಗೆ ಗಾಳಿ ಆಗದು, ಆದ್ದರಿಂದ ಗಾಜು ಇಳಿಸುವಂತಿಲ್ಲ. ಬಲಗಡೆ ನಾಗರತ್ನಾ ಬಾಯೋರು. ಅವರಿಗೆ ಗಾಳಿ ಇಲ್ಲದಿದ್ದರೆ ವಾಂತಿ, ಆದ್ದರಿಂದ ಅವರ ಕೈಯಲ್ಲಿ ಸದಾ ಬಾಯಿ ತೆರೆದ ಪ್ಲಾಸ್ಟಿಕ್ ಚೀಲ. ಈ ಎರಡು ರಾಜ್ಯಗಳ ನಡುವಿನ ಗಡಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಐವರ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮಾಸ್ತರರು ಕೂರುತ್ತಿದ್ದರು. ಬೆಳಗಾವಿಯವರಿಗೆ ಗಡಿಯ ಮೇಲೆ ಬದುಕುವುದು ಹೊಸದಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಬೆನ್ನು ತುರಿಸಿದರೆ ಖಾನಾಪುರದವರೆಗೂ ತಡೆದುಕೊಳ್ಳಬೇಕಾದವರಿಗೆ ಅಂಥ ಸಮಾಧಾನ ಹತ್ತುವುದಿಲ್ಲ.

ಭರಮಪ್ಪನವರ ವೇಗ ನಲವತ್ತು. "ಅದರ ಮ್ಯಾಲೆ ಹೋದ್ರ ಇಂಜಿನ್‌ಗೆ ಬ್ಯಾಸರಾಗತೈತ್ರಿ ಸರ," ಎಂದು ಅವರು ದಿನವೂ ಹೇಳುವರು. ಮಚ್ಛೆಯ ಹತ್ತಿರ ಹಾಲಿನ ಕ್ಯಾನು ಕಟ್ಟಿಕೊಂಡ ಅಜ್ಜನೊಬ್ಬ ಮೊಪೆಡ್ ಮೇಲೆ ಕಾರನ್ನು ದಾಟಿ ಹೋಗುತ್ತಿದ್ದ. ಹೋಗುವಾಗ ಕಿಟಕಿಯೊಳಗೆ ಇಣುಕಿ ಮಾಸ್ತರರಿಗೆ ನಮಸ್ಕಾರ ಬೇರೆ ಮಾಡುತ್ತಿದ್ದ. ಮಾಸ್ತರರಿಗೆ ಪ್ರತಿನಮಸ್ಕಾರ ಮಾಡಲು ಕೈ ಬಿಡುವಿರಲಿಲ್ಲ.

ಇಂಥ ಶಿಕ್ಷೆಗೆ ಕಾರಣ, ಹಿಂದಿನ ಮಳೆಗಾಲದಲ್ಲಿ ಅವರು ಎರಡು ಸಲ ಬಿದ್ದದ್ದು. ಒಮ್ಮೆ ಪೀರನವಾಡಿಯಲ್ಲಿ, ಇನ್ನೊಮ್ಮೆ ಖಾನಾಪುರದ ಮಲಪ್ರಭಾ ಸೇತುವೆಯ ಬಳಿ. ಎರಡೂ ಸಲ ಒಂದೇ ಕಥೆ. ಎದುರಿಗೆ ಏನೋ ಬಂತು, ಹಿಂದಿನ ಬ್ರೇಕು ಒತ್ತಿದರು, ಹಿಂದಿನ ಗಾಲಿ ಜಾರಿತು, ವೀರನೂ ವಾಹನವೂ ಬೇರೆ ಬೇರೆ ದಿಕ್ಕಿಗೆ ಪ್ರಯಾಣ ಬೆಳೆಸಿದರು. ನಷ್ಟ ಒಂದು ಮೊಣಕೈ, ಒಂದು ಪ್ಯಾಂಟು. ಪ್ಯಾಂಟಿಗೆ ತೇಪೆ ಹಾಕಿದವರು ಓಣಿಯ ಅರ್ಧ ರವಿಕೆಗಳನ್ನು ಹೊಲಿಯುವ ಅವರ ಧರ್ಮಪತ್ನಿ ಕಾಂತಾ. ತೇಪೆ ಮುಗಿದ ಮೇಲೆ ಅವರು ಬೈಕಿನ ಕೀಲಿಯನ್ನು ಹೊಲಿಗೆ ಮಶೀನಿನ ಖಾನೆಯಲ್ಲಿ ಹಾಕಿ, "ಇದರಾಗ ಕೈ ಹಾಕಿದ್ರ ಬಟ್ಟಿ ಹೊಲದಂಗ ನಿಮ್ಮ ಬೆರಳ ಹೊಲೀತೀನಿ ನೋಡ್ರಿ," ಎಂದರು. ಮರುದಿನವೇ ಭರಮಪ್ಪನವರಿಗೆ ಫೋನು ಹೋಯಿತು.

ಮುಂದಿನ ಬ್ರೇಕು ಯಾಕೆ ಹಿಡಿಯಲಿಲ್ಲ ಎಂದು ನೀವು ಕೇಳಬಹುದು. ಆ ಮನೆತನದಲ್ಲಿ ಅದು ಕೇಳುವ ಪ್ರಶ್ನೆಯಲ್ಲ. ಮಾಸ್ತರರ ತಂದೆ ನಲವತ್ತು ವರ್ಷದ ಹಿಂದೆ ಒಂದು ಎಮ್ಮೆಯನ್ನು ಕಂಡು ಮುಂದಿನ ಬ್ರೇಕು ಹಿಡಿದು, ಹ್ಯಾಂಡಲಿನ ಮೇಲಿಂದ ಹಾರಿ, ಅದೇ ಎಮ್ಮೆಯ ಬೆನ್ನ ಮೇಲೆ ಇಳಿದಿದ್ದರಂತೆ. ಅಂದಿನಿಂದ ಆ ಮನೆಗೆ ಬಂದ ಪ್ರತಿ ಗಾಡಿಗೂ ಮೂರು ಸಂಸ್ಕಾರ. ಮೊದಲು ಪೂಜೆ. ಆಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು. ಆಮೇಲೆ ಸೀದಾ ಬಾಳಪ್ಪ ಮಿಸ್ತ್ರಿಯ ಗ್ಯಾರೇಜಿಗೆ ಹೋಗಿ ಮುಂದಿನ ಬ್ರೇಕಿನ ತಂತಿ ಸಡಿಲು ಮಾಡಿಸುವುದು. ಹ್ಯಾಂಡಲಿನ ಬಲಗಡೆಯ ಆ ಹಿಡಿಕೆ ಮನೆಯಲ್ಲಿ ಪೂರ್ವಿಕರ ಫೋಟೋ ಇದ್ದಂತೆ: ಇತ್ತು, ಗೌರವವಿತ್ತು, ಕೆಲಸವಿರಲಿಲ್ಲ.

ಹೀಗಿರುವಾಗ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಓಂಕಾರ ಬಂದ. ಇವನು ಕಾಂತಾ ಅವರ ತಂಗಿಯ ಮಗ. ಕೊಲ್ಹಾಪುರದ ಕಡೆಯ ಒಂದು ಸಣ್ಣ ರೇಸ್ ಟ್ರ್ಯಾಕಿನಲ್ಲಿ ಒಂದು ದಿನದ ತರಬೇತಿಗೆ ಅವನೂ ಗೆಳೆಯ ರೋಹನನೂ ಹೆಸರು ಹಚ್ಚಿದ್ದರು. ರೋಹನನ ಕಾಲು ಉಳುಕಿತ್ತು.

"ದೊಡ್ಡಪ್ಪ, ಒಂದು ಜಾಗಾ ಖಾಲಿ ಐತಿ. ರೋಹನನ ಗಾಡಿ ಅಲ್ಲೇ ಐತಿ, ಅಂವನ ಚರ್ಮದ ಸೂಟೂ ಐತಿ. ಟ್ರ್ಯಾಕಿನ್ಯಾಗ ಕಲಿತವ್ರು ರಸ್ತಾದಾಗ ಬೀಳೂದಿಲ್ಲಂತ."

ರಸ್ತೆಯಲ್ಲಿ ಬೀಳುವುದಿಲ್ಲ! ಎಂಟು ತಿಂಗಳಿನ ಕೈದಿಗೆ ಸುರಂಗ ಕಂಡಿತು. ಇದನ್ನು ಕಲಿತು ಬಂದು ಕಾಂತಾಳ ಮುಂದೆ ಸಾಧಿಸಿ ತೋರಿಸಿದರೆ ಕೀಲಿ ತನ್ನದು. ರವಿವಾರ ನಸುಕಿನಲ್ಲಿ "ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೂದು ಹೆಂಗ ಅಂತ ಟ್ರೇನಿಂಗ್ ಐತಿ" ಎಂದು ಹೇಳಿ ಮಾಸ್ತರರು ಓಂಕಾರನ ಕಾರು ಹತ್ತಿದರು.

ರೋಹನ ಕಡ್ಡಿಯಂಥ ಹುಡುಗ. ಅವನ ಸೂಟಿನೊಳಗೆ ನಲವತ್ತೆಂಟರ ಮಾಸ್ತರರನ್ನು ತುಂಬಲು ಓಂಕಾರನಿಗೆ ಅರ್ಧ ತಾಸು ಬೇಕಾಯಿತು. ಉಸಿರು ಒಳಗೆಳೆದಾಗ ಜಿಪ್ ಮೇಲೆ ಬಂತು. ಆಮೇಲೆ ಉಸಿರು ಬಿಡುವ ಅವಕಾಶ ಸಿಗಲಿಲ್ಲ. ಬೈಕಿನ ಮೇಲೆ ಬಗ್ಗಿ ಕೂರುವುದಕ್ಕೆಂದೇ ಹೊಲಿದ ಅಂಗಿ ಅದು. ನೆಟ್ಟಗೆ ನಿಂತರೆ ಹೆಗಲು ಹಿಡಿದು ಕೆಳಗೆಳೆಯುತ್ತಿತ್ತು.

ಕಲಿಸುವವಳು ಸಮೃದ್ಧಿ, ಶಹಾಪುರದ ಹುಡುಗಿ, ವಯಸ್ಸು ಇಪ್ಪತ್ತಾರು. ಮಾಸ್ತರರು ಮೊದಲ ಸಲ ಬ್ರೇಕು ಹಾಕಿದ್ದನ್ನು ನೋಡಿ ಅವಳು ಓಡಿ ಬಂದಳು.

"ಕಾಕಾ, ಮುಂದಿನ ಬ್ರೇಕ್ ಯಾಕ ಹಿಡೀಲಿಲ್ಲ?"

"ನಮ್ಮ ಮನಿತನದಾಗ ಹಿಡಿಯೂ ಪದ್ಧತಿ ಇಲ್ಲವ್ವಾ."

"ಗಾಡಿ ನಿಲ್ಲಸೂದ ಅದು ಕಾಕಾ! ಹಿಂದಿಂದು ಬರೇ ಅದರ ಜೋಡಿ. ನಾಕು ಬೆರಳು ಇಡ್ರಿ, ಮೆತ್ತಗ ಹಿಂಡ್ರಿ, ಆಮ್ಯಾಲೆ ಜೋರ ಮಾಡ್ರಿ. ಒಮ್ಮಿಗೇ ಜಗ್ಗಬ್ಯಾಡ್ರಿ, ಹಂಗ ಮಾಡಿದ್ರ ಎಮ್ಮಿ ಮ್ಯಾಲೆ ಹೋಗತೀರಿ."

ಎಮ್ಮೆಯ ವಿಷಯ ಇವಳಿಗೆ ಹೇಗೆ ಗೊತ್ತಾಯಿತು ಎಂದು ಮಾಸ್ತರರು ಬೆಚ್ಚಿದರು. ನಲವತ್ತು ಸಲ ಹಿಂಡಿಸಿದಳು. ನಲವತ್ತು ಸಲವೂ ಗಾಡಿ ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. ಮಧ್ಯಾಹ್ನ ತಿರುವಿನ ಪಾಠ: ಹೊರಗಿನ ಅಂಚಿನಿಂದ ಬಂದು, ಒಳಗಿನ ಅಂಚಿನಲ್ಲಿಟ್ಟ ಕೇಸರಿ ಪ್ಲಾಸ್ಟಿಕ್ ಕೋನನ್ನು ಸವರಿ, ಮತ್ತೆ ಹೊರಗಿನ ಅಂಚಿಗೆ. ರಸ್ತೆಯ ಇಡೀ ಅಗಲ ನಿಮ್ಮದು. ಇಡೀ ಅಗಲ! ಕಾರಿನಲ್ಲಿ ಒಂದು ಗೇಣು ಸೀಟಿಗಾಗಿ ಹೋರಾಡಿದ ಮನುಷ್ಯನಿಗೆ ಈ ಮಾತು ಕೇಳಿ ಕಣ್ಣು ತುಂಬಿ ಬಂದವು. ಮೂರನೆಯ ಸುತ್ತಿನಲ್ಲಿ ಅವರು ಹಾಡುತ್ತಿದ್ದರು ಎಂದು ಓಂಕಾರ ಹೇಳುತ್ತಾನೆ.

ನಾಲ್ಕೂವರೆಗೆ ಎಲ್ಲರನ್ನೂ ಕೂಡಿಸಿ ಸಮೃದ್ಧಿ ಕೊನೆಯ ಪಾಠ ಶುರು ಮಾಡಿದಳು. ಮಾಸ್ತರರು ಅಲ್ಲಿರಲಿಲ್ಲ. ಅವರು ಶೌಚಾಲಯದಲ್ಲಿ ಜಿಪ್ಪಿನೊಡನೆ ಮಲ್ಲಯುದ್ಧದಲ್ಲಿದ್ದರು. ಅದು ಇಳಿಯಲಿಲ್ಲ. ಪಾಠ ಮುಗಿಸಿ ಬಂದ ಓಂಕಾರ ಜಗ್ಗಿದ, ಟ್ರ್ಯಾಕಿನ ವಾಚ್‌ಮನ್ ಜಗ್ಗಿದ, ಜಿಪ್ಪಿನ ನಾಲಿಗೆ ಮುರಿದು ವಾಚ್‌ಮನ್ ಕೈಗೆ ಬಂತು. ಕೊನೆಗೆ ವೀರರನ್ನು ಕವಚ ಸಮೇತ ಕಾರಿನೊಳಗೆ ತುಂಬಲಾಯಿತು. ನಿಪ್ಪಾಣಿ, ಸಂಕೇಶ್ವರ, ಹತ್ತರಗಿ ಎಲ್ಲ ದಾಟಿದರೂ ಅವರಿಗೆ ಕಂಡದ್ದು ಕಾರಿನ ನೆಲ ಮಾತ್ರ.

ದೀಪ ಹಚ್ಚುವ ಹೊತ್ತಿಗೆ ಕಾಂತಾ ಬಾಗಿಲು ತೆರೆದರು. ಹೊಸ್ತಿಲಲ್ಲಿ ಕಪ್ಪು ಕೆಂಪು ಚರ್ಮದ, ಅರ್ಧ ಬಗ್ಗಿದ ಪ್ರಾಣಿಯೊಂದು ನಿಂತಿತ್ತು. ಕಾಂತಾ ಅದನ್ನು ಮೇಲಿನಿಂದ ಕೆಳಗೆ ನೋಡಿದರು.

"ಎಸ್ಸೆಸ್ಸೆಲ್ಸಿ ಪೇಪರ್ ಈ ಅಂಗಿ ಹಾಕ್ಕೊಂಡ ತಿದ್ದತಾರೇನ್ರಿ?"

"ಕಾಂತಾ, ಮೊದಲ ಇದನ್ನ ಬಿಚ್ಚು. ಉಸಿರು ಹತ್ತವಲ್ದು."

"ಬಿಚ್ಚತೀನಿ. ಮೇಣಬತ್ತಿ ತಿಕ್ಕಿದ್ರ ಎರಡ ನಿಮಿಷದ ಕೆಲಸ." ಅವರು ಮೇಣಬತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ಎದುರಿಗೆ ಕುಳಿತರು. "ಖರೇ ಹೇಳ್ರಿ."

ಮಾಸ್ತರರು ಎಲ್ಲವನ್ನೂ ಹೇಳಿದರು. ಜಿಪ್ ಮೊದಲ ಗೇಣು ಇಳಿದು ಸ್ವಲ್ಪ ಗಾಳಿ ಒಳಗೆ ಹೋದದ್ದೇ ವಾದಕ್ಕೂ ಇಳಿದರು. "ಟ್ರ್ಯಾಕಿನ್ಯಾಗ ಓಡಿಸಿದವ ರಸ್ತಾದಾಗ ಹುಷಾರಾಗತಾನ. ನಾ ಈಗ ಬ್ಯಾರೇ ಮನಷ್ಯಾ."

"ಟ್ರ್ಯಾಕಿನ್ಯಾಗ ನಾಯಿ ಅದಾವೇನು?"

"ಇಲ್ಲ."

"ಕಬ್ಬಿನ ಟ್ರ್ಯಾಕ್ಟರ್?"

"ಇಲ್ಲ."

"ಎದುರಿಗೆ ಯಾರರ ಬರತಾರೇನು?"

"ಎಲ್ಲಾರೂ ಒಂದ ದಿಕ್ಕಿಗೆ ಹೋಗತಾರ."

"ಅಂದ್ರ ಅದು ಗಿರಣ್ಯಾಗಿನ ಚಕ್ರ ಸುತ್ತಿದಂಗಾತು. ಅದರಾಗ ಕಲತದ್ದು ನಂದಗಡದ ರಸ್ತಾಕ್ಕ ಹೆಂಗ ಹತ್ತತೈತ್ರಿ?"

ಆಗ ಕಾಂತಾ ಪರೀಕ್ಷೆ ಇಟ್ಟರು. ಬರುವ ರವಿವಾರ ನಂದಗಡದ ತವರಿಗೆ ಹೋಗಬೇಕು, ತಾಯಿ ಗೌರವ್ವನಿಗೆ ಕೆನೆಮೊಸರು ಒಯ್ಯಬೇಕು. ಬೈಕಿನ ಮೇಲೆ ಹೋಗುವುದು. ತಾವು ಹಿಂದೆ, ಮೊಸರಿನ ಗಡಿಗೆ ತೊಡೆಯ ಮೇಲೆ. ಮೊಸರು ಚೆಲ್ಲದೆ ಮುಟ್ಟಿದರೆ ಕೀಲಿ ಮಾಸ್ತರರದು. ಚೆಲ್ಲಿದರೆ ನಿವೃತ್ತಿಯವರೆಗೂ ನಡುವಿನ ಸೀಟು. ನಿವೃತ್ತಿಗೆ ಇನ್ನೂ ಹನ್ನೆರಡು ವರ್ಷವಿತ್ತು.

ಎಂಟು ತಿಂಗಳು ನಿಂತ ಗಾಡಿಯನ್ನು ಬಾಳಪ್ಪನ ಕಡೆ ತೋರಿಸಿಕೊಂಡು ಬರಲು ಕಾಂತಾ ತಾವೇ ಕೀಲಿ ಕೊಟ್ಟರು. ಮಾಸ್ತರರು ಅತ್ತಿತ್ತ ನೋಡಿ ಮುಂದಿನ ಬ್ರೇಕು ಬಿಗಿ ಮಾಡು ಎಂದಾಗ ಬಾಳಪ್ಪನ ಕೈಯಿಂದ ನಟ್ಟು ಬಿಗಿಯುವ ಪಾನಾ ಬಿತ್ತು.

"ಕಾಂತಾ ವೈನಿಯವ್ರಿಗೆ ಗೊತ್ತಾದ್ರ ನನ್ನ ಗ್ಯಾರೇಜಿಗೆ ಬೆಂಕಿ ಹಚ್ಚತಾರ್ರಿ ಸರ!"

"ನೀ ಬಿಗಿ ಮಾಡೊ. ಹೊಣಿ ನಂದು."

ಬಾಳಪ್ಪ ಕಣ್ಣು ಮುಚ್ಚಿಕೊಂಡೇ ನಟ್ಟು ತಿರುಗಿಸಿದ.

ರವಿವಾರ ಯಾತ್ರೆ ಹೊರಟಿತು. ಪೀರನವಾಡಿಯ ಗದ್ದಲದಲ್ಲಿ ನಾಯಿ ಅಡ್ಡ ಬಂತು, ನಾಲ್ಕು ಬೆರಳು ಮೆತ್ತಗೆ ಹಿಂಡಿದವು, ಮೊಸರು ಮಿಸುಕಲಿಲ್ಲ. ದೇಸೂರಿನ ಬಳಿ ಟೆಂಪೊದವನು ಕೈ ತೋರಿಸದೆ ನಿಂತ, ಮೊಸರು ಮಿಸುಕಲಿಲ್ಲ. ಮಲಪ್ರಭಾ ಸೇತುವೆ ದಾಟಿದಾಗ ಹಿಂದಿನಿಂದ ಕಾಂತಾ, "ಚಲೋ ಓಡಸಾಕ ಹತ್ತೀರಲ್ರಿ," ಎಂದರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮಾಸ್ತರರ ಯಾವ ಕೆಲಸಕ್ಕೂ ಸಿಗದ ಪ್ರಶಂಸೆ ಅದು. ಅದರಿಂದಲೇ ಅನಾಹುತವಾಯಿತು.

ನಂದಗಡ ಇನ್ನು ನಾಲ್ಕು ಕಿಲೋಮೀಟರಿರುವಾಗ ಬಲಕ್ಕೆ ಒಂದು ತಿರುವು. ಒಳಗಿನ ಅಂಚಿನಲ್ಲಿ ಬಿದಿರು ಮೆಳೆ, ಅದರ ಬುಡದಲ್ಲಿ ಸುಣ್ಣ ಬಳಿದ ಒಂದು ಕಲ್ಲು. ಹೊಗಳಿಕೆಯಿಂದ ಉಬ್ಬಿದ ಮಾಸ್ತರರ ಕಣ್ಣಿಗೆ ಅದು ಕಲ್ಲಾಗಿ ಕಾಣಲಿಲ್ಲ, ಕೇಸರಿ ಕೋನಾಗಿ ಕಂಡಿತು. ಹೊರಗಿನ ಅಂಚಿನಿಂದ ಒಳಗಿನ ಅಂಚಿಗೆ! ಇಡೀ ಅಗಲ ನನ್ನದು! ಬೈಕು ಚಂದವಾಗಿ ವಾಲಿ, ರಸ್ತೆಯ ಬಲಭಾಗಕ್ಕೆ ದಾಟಿ, ಕಲ್ಲನ್ನು ಸವರಲು ಹೊರಟಿತು.

ಮೆಳೆಯ ಹಿಂದಿನಿಂದ ಒಂದು ಬಿಳಿ ಕಾರು ನಲವತ್ತರ ವೇಗದಲ್ಲಿ ಬಂತು. ಪ್ರತಿ ರವಿವಾರ ನಂದಗಡಕ್ಕೆ ಹೋಗಿ ಶಾಲೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ ಬರುವುದು ಭರಮಪ್ಪನವರ ಚಟ.

ಮಾಸ್ತರರ ತಲೆ ಖಾಲಿಯಾಯಿತು. ಆದರೆ ನಾಲ್ಕು ಬೆರಳು ಖಾಲಿಯಾಗಿರಲಿಲ್ಲ. ಗಾಡಿ ನೆಟ್ಟಗಾಯಿತು, ಬೆರಳು ಹಿಂಡಿದವು, ಇನ್ನೂ ಹಿಂಡಿದವು. ಮುಂದಿನ ಗಾಲಿ ಭರಮಪ್ಪನವರ ನಂಬರ್ ಪ್ಲೇಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕಾಂತಾ ಬಂದು ಬೆನ್ನಿಗೆ ಅಪ್ಪಳಿಸಿದರು. ಗಡಿಗೆ ಅವರಿಬ್ಬರ ನಡುವೆ ಒಡೆಯಿತು. ತಣ್ಣನೆಯ ಕೆನೆಮೊಸರು ಮಾಸ್ತರರ ಕಾಲರಿನೊಳಗಿಂದ ಇಳಿದು ಸೊಂಟದವರೆಗೆ ಸಾಗಿತು.

ಭರಮಪ್ಪನವರು ಗಾಜು ಇಳಿಸಿ, "ಗುರುಪುತ್ರಪ್ಪ ಸರ, ಇವತ್ತ ರವಿವಾರ, ಸಾಲಿ ಸೂಟಿ ಐತ್ರಿ. ನಾಳೆ ಎಂಟಕ್ಕ ಬರತೀನಲ್ಲ, ಅಷ್ಟರಾಗ ಎದುರಿಗೇ ಬಂದ್ರಿ?" ಎಂದರು.

ಕಾಂತಾ ಕೆಳಗಿಳಿದರು. ಸೀರೆಯ ಮೊಸರು ಕೊಡವಿದರು. ಬಗ್ಗಿ ಗಾಲಿಗೂ ಕಾರಿಗೂ ನಡುವಿನ ಆ ಒಂದು ಗೇಣನ್ನು ನೋಡಿದರು.

"ಯಾವ ಬ್ರೇಕ್ ಹಿಡದ್ರಿ?"

ಮಾಸ್ತರರು ತಲೆ ತಗ್ಗಿಸಿದರು. "ಮುಂದಿಂದು."

"ಅದು ಇಲ್ಲಂದ್ರ?"

"ಇಬ್ಬರೂ ಬಾನೆಟ್ ಮ್ಯಾಲೆ ಇರತಿದ್ವಿ."

"ಮತ್ತ ರಸ್ತಾದ ಈ ಬಾಜು ಯಾಕ ಬಂದ್ರಿ?"

"ಟ್ರ್ಯಾಕಿನ್ಯಾಗ ಹಂಗ ಕಲಿಸಿದ್ರು."

ಕಾಂತಾ ಅಲ್ಲೇ ರಸ್ತೆಯ ಬದಿಯಲ್ಲಿ ನಿಂತು ಓಂಕಾರನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಅದನ್ನೇ ಕೇಳಿದರು. ಓಂಕಾರನ ಧ್ವನಿ ಬಿದಿರು ಮೆಳೆಯವರೆಗೂ ಕೇಳಿಸಿತು. "ಅಯ್ಯ ದೊಡ್ಡವ್ವ, ಅದನ್ನ ಕಡೀ ಪಾಠದಾಗ ಹೇಳಿದ್ರಲ್ಲ! ತಿರುವಿನ್ಯಾಗ ಅಂಚಿಂದ ಅಂಚಿಗೆ ಹೋಗೂ ಈ ಲೈನ್ ಇಲ್ಲೇ ಬಿಟ್ಟು ಹೋಗ್ರಿ, ರಸ್ತಾದಾಗ ನಿಮ್ಮ ಬಾಜು ಬಿಡಬ್ಯಾಡ್ರಿ, ತಿರುವಿನ ಆಚೆ ಕಾಣಲಿಲ್ಲಂದ್ರ ನಿಧಾನ ಮಾಡ್ರಿ, ಬ್ರೇಕ್ ಅಷ್ಟ ಮನಿಗೆ ಒಯ್ರಿ ಅಂತ ಸಮೃದ್ಧಿ ಮೂರ ಸಲ ಹೇಳಿದ್ಲು. ದೊಡ್ಡಪ್ಪ ಆವಾಗ ಜಿಪ್ ಜಗ್ಗಾಕ ಹತ್ತಿದ್ದ."

ಇಪ್ಪತ್ತು ವರ್ಷ ಕೊನೆಯ ಪಿರಿಯಡ್ಡು ತಪ್ಪಿಸಿ ಓಡಿಹೋಗುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಗುರುಗಳನ್ನು ಹೆಡ್‌ಮಾಸ್ತರರು ನೋಡಿ ಮೆಲ್ಲಗೆ ಗಾಜು ಏರಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಮೊಸರ ಚೆಲ್ಲೈತಿ," ಎಂದು ಕಾಂತಾ ತೀರ್ಪು ಕೊಟ್ಟರು. "ಆದ್ರ ಆ ಬ್ರೇಕಿನಿಂದ ಇಬ್ಬರೂ ಉಳದೀವಿ. ಅದಕ್ಕ ನಿವೃತ್ತಿ ತನಕ ಅನ್ನೂದ ಬಿಟ್ಟೀನಿ. ಹೋಗಿ ಕಡೀ ಪಾಠ ಕೇಳಿ ಬರ್ರಿ. ಅಲ್ಲೀ ತನಕ ಕೀಲಿ ಖಾನ್ಯಾಗ."

ಮುಂದಿನ ತರಬೇತಿ ಮಳೆಗಾಲ ಮುಗಿದ ಮೇಲೆ ಎಂದು ತಿಳಿದುಬಂತು. ಐದು ತಿಂಗಳು. ಆ ವಾರವೇ ಕಾಂತಾ ತಮ್ಮ ಸ್ಕೂಟಿಯನ್ನು ಬಾಳಪ್ಪನ ಮುಂದೆ ನಿಲ್ಲಿಸಿ, "ಮುಂದಿಂದು ಬಿಗಿ ಮಾಡೊ," ಎಂದರು. ಬಾಳಪ್ಪ ಬೆಂಕಿಪೆಟ್ಟಿಗೆಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡೇ ಕೆಲಸ ಮುಗಿಸಿದನಂತೆ.

ಸೋಮವಾರ ಎಂಟು ಗಂಟೆಗೆ ಬಿಳಿ ಕಾರು ಬಂತು. ಗಂಗಾದೇವಿ ಬಾಯೋರು ಗಾಜು ಏರಿಸಿದರು. ಮಾಸ್ತರರು ಗಡಿಯ ಮೇಲೆ ಕುಳಿತು ಮೊಣಕಾಲು ಮಡಚಿದರು, ಡಬ್ಬಿಗಳು ತೊಡೆಗೆ ಬಂದವು. ಖಾನಾಪುರ ದಾಟಿ ಬಿದಿರು ಮೆಳೆಯ ತಿರುವು ಬರುತ್ತಿದ್ದಂತೆ ಅವರ ಬಲಗೈಯ ನಾಲ್ಕು ಬೆರಳು ತಾವಾಗಿಯೇ ಎದ್ದು, ಪಕ್ಕದಲ್ಲಿ ಸಿಕ್ಕಿದ್ದನ್ನು ಹಿಡಿದು, ಮೊದಲು ಮೆತ್ತಗೆ, ಆಮೇಲೆ ಜೋರಾಗಿ ಹಿಂಡಿದವು.

"ಸರ," ಎಂದರು ನಾಗರತ್ನಾ ಬಾಯೋರು ಬಾಯಿಗೆ ಕೈ ಅಡ್ಡ ಹಿಡಿದು, ಕ್ಷೀಣ ಧ್ವನಿಯಲ್ಲಿ, "ನನ್ನ ಚೀಲ ಬಿಡ್ರಿ. ಲಗೂನ ಬಿಡ್ರಿ."